ಅಧ್ಯಕ್ಷರನ್ನು ಕೆಳಗೆ ಕರೆದವರು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಸಿ.ಇ.ಒ. ಗ್ಯಾಲರಿಯ ಮೂಲೆಯ ಕಂಬದ ಮೇಲೆ ಅಂಗೈ ಇಟ್ಟು ನಿಂತರು. ಅವರ ಅಂಗೈ ಯಾವಾಗಲೂ ಬೆಳ್ಳಗಿರುತ್ತಿತ್ತು. ರೇಖೆಗಳಲ್ಲಿ, ಉಗುರಿನ ಸಂದಿಯಲ್ಲಿ ಸುಣ್ಣದ ಪುಡಿ ಕೂತು, ತೊಳೆದರೂ ಹೋಗದೆ, ಚರ್ಮ ಅಲ್ಲಲ್ಲಿ ಒಡೆದಿತ್ತು. ನಾಡಿ ನೋಡುವವರ ಹಾಗೆ ತಲೆ ಓರೆ ಮಾಡಿ ಸ್ವಲ್ಪ ಹೊತ್ತು ನಿಂತು ಕೈ ತೆಗೆದರು. ತೊಗಟೆಯ ಮೇಲೆ ಐದು ಬೆರಳು ಬಿಳಿಯಾಗಿ ಮೂಡಿದ್ದವು. ನಾನು ಕೆಳಗಿನಿಂದ ಮೂರನೆಯ ಸಾಲಿನಲ್ಲಿ ಸ್ಕೋರ್ ಪುಸ್ತಕ ಹಿಡಿದು ಕೂತಿದ್ದೆ. ಸಮಯ ಬರೆಯುವುದೇ ನನ್ನ ಕೆಲಸ. ಹಾಗಾಗಿ ಗಂಟೆ ಗೊತ್ತು.

ನಮ್ಮದು ಸೋಮವಾರಪೇಟೆ ಕಡೆಯ ಒಂದು ಹಾಕಿ ಕ್ಲಬ್. ಮಡಿಕೇರಿಯಲ್ಲಿ ಬಿ.ಕಾಂ. ಮುಗಿಸಿ ನಾನು ಅಲ್ಲಿ ಆಫೀಸಿನ ಕೆಲಸಕ್ಕೆ ಸೇರಿದ್ದೆ. ಮೈದಾನದ ಜಾಗ ಅಧ್ಯಕ್ಷರ ತಂದೆ ಬಿಟ್ಟುಕೊಟ್ಟಿದ್ದು. ಹಾಗಾಗಿ ತಂದೆಯ ನಂತರ ಮಗನೇ ಅಧ್ಯಕ್ಷರು, ಚುನಾವಣೆ ಎಂಬುದು ಹೆಸರಿಗೆ. ಕ್ಲಬ್ಬಿನ ನಿಯಮಗಳ ಬೈಲಾ ತಿದ್ದಿ ಸಂಬಳದ ಸಿ.ಇ.ಒ. ಒಬ್ಬರು ಬೇಕು ಎಂದಾದಾಗ ಇವರು ಬಂದರು. ಸರ್ಕಾರಿ ಬಸ್ ಡಿಪೊದಲ್ಲಿ ಕಂಟ್ರೋಲರ್ ಆಗಿ ನಿವೃತ್ತರಾದವರು, ಹರೆಯದಲ್ಲಿ ಡಿಪೊ ತಂಡದ ಗೋಲ್‌ಕೀಪರ್. ಅಜ್ಜನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ಮನೆತನ. ದಿನಾ ಮೊದಲ ಬಸ್ಸಿಗೆ ಬರುತ್ತಿದ್ದರು. ಬಂದವರೇ ಪ್ಯಾಂಟು ಮಡಚಿ, ತಗಡಿನ ಡಬ್ಬಿ ತಗೊಂಡು, ಮೈದಾನಕ್ಕೆ ಗೆರೆ ಎಳೆಯುತ್ತಿದ್ದರು. ಅದಕ್ಕೆ ಆಳಿದ್ದ. ಆದರೂ ಇವರೇ ಎಳೆಯಬೇಕು.

"ಸಿ.ಇ.ಒ. ಅಂದ್ರೆ ಸುಣ್ಣ ಎಳೆಯೋನು ಅಂತ ನಂಗೆ ಈಗ ಗೊತ್ತಾಯ್ತು ಕಣ್ರೀ," ಎಂದು ಅಧ್ಯಕ್ಷರು ಜೀಪಿನಿಂದಲೇ ಕೂಗುತ್ತಿದ್ದರು.

"ರೈಟ್ ಸಾರ್," ಎನ್ನುತ್ತಿದ್ದರು ಇವರು, ಬಗ್ಗಿದ ಬೆನ್ನು ಎತ್ತದೆ. ಹೌದು ಅನ್ನುವುದಕ್ಕೆಲ್ಲ ಅವರದು ಅದೊಂದೇ ಮಾತು.

ಆಫೀಸಿನಲ್ಲಿ ಮೇಜಿನ ಹಿಂದಿನ ದೊಡ್ಡ ಕುರ್ಚಿ ಅಧ್ಯಕ್ಷರದು. ಅವರು ವಾರಕ್ಕೊಮ್ಮೆ ಬಂದರೆ ಹೆಚ್ಚು. ಉಳಿದ ದಿನ ಅದು ಖಾಲಿ. ಇವರು ಮೇಜಿನ ಈಚೆ, ನೋಡಲು ಬಂದವರು ಕೂರುವ ಕುರ್ಚಿಯಲ್ಲಿ ಕೂತು ಸಹಿ ಮಾಡುತ್ತಿದ್ದರು. ಒಮ್ಮೆ ಕೇಳಿದ್ದಕ್ಕೆ ನಕ್ಕರು. "ಡ್ರೈವರ್ ಸೀಟಲ್ಲಿ ಕಂಟ್ರೋಲರ್ ಕೂರ್ಬಾರ್ದು ಕಣಮ್ಮ."

ಹಾಗೆಂದು ಅವರು ಬಗ್ಗುವವರಲ್ಲ. ಅಧ್ಯಕ್ಷರ ತಂಗಿಯ ಮಗ ಮೂರು ದಿನ ಪ್ರಾಕ್ಟೀಸಿಗೆ ಬರಲಿಲ್ಲವೆಂದು ತಂಡದಿಂದ ಹೆಸರು ಹೊಡೆದುಹಾಕಿದರು. ಅಧ್ಯಕ್ಷರು ಅದೇ ದಿನ ಬಂದರು. ನಾನು ಫೈಲಿನಲ್ಲಿ ಮುಖ ಹುದುಗಿಸಿ ಕೂತೆ.

"ಏನ್ರೀ, ನಮ್ಮ ಹುಡುಗನ್ನೇ ಬಿಟ್ಟಿದ್ದೀರಂತೆ?"

"ಅವನೇ ನಮ್ಮನ್ನ ಬಿಟ್ಟಿದ್ದು ಸಾರ್. ಮೂರು ದಿನ."

ಅಧ್ಯಕ್ಷರು ಕಿಟಕಿಯಾಚೆ ನೋಡಿದರು. ಆಮೇಲೆ ದೊಡ್ಡದಾಗಿ ನಕ್ಕರು. "ಸರಿ ಕಣ್ರೀ. ಸುಣ್ಣದ ಗೆರೆ ಒಳಗೆ ನಿಮ್ದು. ಆಚೆಗೆ ನಂದು. ಆಯ್ತಾ?"

"ರೈಟ್ ಸಾರ್."

ಅಲ್ಲಿಂದ ಮುಂದೆ ಕ್ಲಬ್ಬಿಗೆ ಬೈಲಾಕ್ಕಿಂತ ಆ ಮಾತೇ ದೊಡ್ಡದಾಯಿತು. ಆಟಗಾರರು, ಅಂಪೈರು, ಗೋಲು ಇವರದು. ಅತಿಥಿಗಳು, ಊಟ, ಗ್ಯಾಲರಿ ಅವರದು.

ಪ್ರತಿ ಏಪ್ರಿಲ್ ಪಂದ್ಯಾವಳಿಗೆ ಗ್ಯಾಲರಿಯ ಮರ ಅಧ್ಯಕ್ಷರ ತೋಟದ್ದು. ಕಾಫಿಗೆ ನೆರಳಾಗುವ ಸಿಲ್ವರ್ ಮರ ಕಡಿದು, ತಿಂಗಳು ಒಣಗಲು ಹಾಕಿ, ನಾರಿನ ಹಗ್ಗದಲ್ಲಿ ಕಟ್ಟುತ್ತಾರೆ. ಈ ಸಲ ಮೆಣಸು ಕುಯ್ಯುವುದು ತಡವಾಗಿ ಆಳುಗಳು ಸಿಗಲಿಲ್ಲ. ಮರ ಕಡಿದಿದ್ದು ಪಂದ್ಯಾವಳಿಗೆ ವಾರವಿರುವಾಗ. ಕಾಫಿ ಅರಳಿಸುವ ಹೂಮಳೆ ಬಿದ್ದ ಮಾರನೆ ದಿನ ಹಸಿ ಮರವನ್ನೇ ಕಟ್ಟಿದರು. ಆಮೇಲೆ ಸುಡುವ ಬಿಸಿಲು. ಮರ ಒಣಗಿ ಕುಗ್ಗಿದಂತೆ ಕಟ್ಟು ಸಡಿಲಾಗುತ್ತದೆ. ಇವರು ಕಬ್ಬಿಣದ ಪೈಪಿನ ಗ್ಯಾಲರಿ ತರಿಸೋಣ ಎಂದಿದ್ದರು.

"ನಮ್ಮಪ್ಪನ ಕಾಲದಿಂದ ನಮ್ಮ ಮರದ ಮೇಲೇ ಊರು ಕೂತಿದೆ. ಈಗ ಬಾಡಿಗೆ ಕಬ್ಬಿಣ ತಂದ್ರೆ ಜನ ಏನಂತಾರೆ?" ಎಂದರು ಅಧ್ಯಕ್ಷರು. ಗೆರೆಯ ಆಚೆಯ ವಿಷಯ. ಇವರು ಸುಣ್ಣದ ಡಬ್ಬಿ ತಗೊಂಡು ಮೈದಾನಕ್ಕೆ ಹೋದರು.

ಕಂಬದಿಂದ ಕೈ ತೆಗೆದ ಮೇಲೆ ಇವರು ನಡುವಿನ ಮೆಟ್ಟಿಲು ಹತ್ತಿ ಮೇಲಿನ ಸಾಲಿಗೆ ಹೋದರು. ಅಧ್ಯಕ್ಷರು ಊರ ಹಿರಿಯರ ನಡುವೆ ಕೂತಿದ್ದರು. ಇವರು ಕಿವಿಯಲ್ಲಿ ಏನೋ ಹೇಳಿದರು. ಅಧ್ಯಕ್ಷರು ಕೈಯಾಡಿಸಿದರು. ಇಳಿದು ಬರುವಾಗ ನನ್ನ ಪಕ್ಕ ಬಗ್ಗಿ, "ಕಟ್ಟು ಬಿಡ್ತಾ ಇದೆ. ಅವರು ಎದ್ರೆ ಎಲ್ಲಾರೂ ಏಳ್ತಾರೆ," ಎಂದರು.

ಅದು ನಮ್ಮಲ್ಲಿ ನಡೆದುಬಂದ ರೀತಿ. ಆಟ ನಡೆಯುವಾಗ ಅಧ್ಯಕ್ಷರಿಗಿಂತ ಮೊದಲು ಯಾರೂ ಗ್ಯಾಲರಿ ಇಳಿಯುವುದಿಲ್ಲ. ಅವರು ಎದ್ದರೆ ದಾರಿಯ ಸಾಲುಗಳೆಲ್ಲ ಎದ್ದು ಹಿಂದೆಯೇ ಇಳಿಯುತ್ತವೆ. ಗ್ಯಾಲರಿ ನಿಲ್ಲುವುದಿಲ್ಲ ಎಂದು ನನಗೆ ಗೊತ್ತಾಗಿತ್ತು. ಆದರೂ ನಾನು ಏಳಲಿಲ್ಲ. ಪುಸ್ತಕದಲ್ಲಿ ಪೆನಾಲ್ಟಿ ಕಾರ್ನರ್ ಬರೆದೆ.

ಎರಡನೆಯ ಸಲ ಹೋದರು. ಮೂರನೆಯ ಸಲ ಹೋದಾಗ ಅಧ್ಯಕ್ಷರ ದನಿ ನನಗೂ ಕೇಳಿತು. "ಅತಿಥಿಗಳನ್ನ ಎಬ್ಬಿಸಿ ಬಿಸಿಲಲ್ಲಿ ನಿಲ್ಸಕ್ಕೆ ನಾನೇನು ಬಸ್ ಸ್ಟ್ಯಾಂಡ್ ಇಟ್ಕೊಂಡಿದ್ದೀನಾ? ಹೋಗ್ರೀ, ನಿಮ್ಮ ಆಟ ನೋಡ್ಕಳಿ." ಸುತ್ತಲಿನವರು ನಕ್ಕರು.

ಇವರು ಇಳಿದು ಬಂದು ಮೈದಾನದ ಒಳಗೆ ನಡೆದರು. ಅಂಪೈರಿಗೆ ಹೇಳಿ ಆಟ ನಿಲ್ಲಿಸಿದರು. ಮೈಕ್ ತಗೊಂಡರು. ಗ್ಯಾಲರಿ ಬೀಳುತ್ತದೆ ಎಂದು ಯಾಕೆ ಕೂಗಲಿಲ್ಲ ಎಂದು ಆಮೇಲೆ ಬಹಳ ಜನ ಕೇಳಿದರು. ನನಗೆ ಅದು ಗೊತ್ತಿತ್ತು. ಬಸ್ಸಿನಲ್ಲಿ ಹೊಗೆ ಕಂಡು ಯಾರೋ ಬೆಂಕಿ ಎಂದು ಕೂಗಿದ ಕಥೆ ಅವರು ಹೇಳಿದ್ದರು. "ಬೆಂಕಿ ಯಾರನ್ನೂ ಮುಟ್ಲಿಲ್ಲ. ಜನ ಬಾಗ್ಲಲ್ಲೇ ಒಬ್ಬರನ್ನೊಬ್ರು ತುಳ್ಕೊಂಡ್ರು."

ಮೈಕಿನಲ್ಲಿ ಅವರ ದನಿ ನಡುಗಲಿಲ್ಲ. "ಮೇಲೆ ಕೂತಿರೋ ಅಧ್ಯಕ್ಷರೇ, ಅಲ್ಲಿ ಕೂತ್ಕೊಂಡು ಕ್ಲಬ್ ನಡ್ಸೋಕಾಗಲ್ಲ. ಧೈರ್ಯ ಇದ್ರೆ ಕೆಳಗೆ ಬಂದು ನನ್ನ ಹತ್ರ ಮಾತಾಡಿ."

ನನ್ನ ಪಕ್ಕದ ಅಜ್ಜಿ, "ಅಯ್ಯೋ, ಇವನಿಗೇನು ಬಂತು?" ಎಂದರು. ಅಧ್ಯಕ್ಷರು ಎದ್ದರು. ಅಷ್ಟು ಕೆಂಪಾದ ಮುಖ ನಾನು ನೋಡಿಲ್ಲ. ಅವರು ಇಳಿದಂತೆ ಹಿರಿಯರು ಹಿಂದೆ, ಅವರ ಹಿಂದೆ ಉಳಿದವರು, ಸಾಲು ಸಾಲಾಗಿ, ನೂಕಾಟವಿಲ್ಲದೆ ಇಳಿದರು. ಜಗಳ ನೋಡುವುದನ್ನು ಬಿಡಲು ಯಾರೂ ಸಿದ್ಧರಿರಲಿಲ್ಲ.

"ಯಾವನ್ನ ಕೇಳಿ ಆಟ ನಿಲ್ಸಿದೆ?" ಅಧ್ಯಕ್ಷರು ಏಕವಚನಕ್ಕೆ ಇಳಿದಿದ್ದರು. ಇವರು ಹಿಂದಕ್ಕೆ ಹಿಂದಕ್ಕೆ ನಡೆದು, ಅವರನ್ನೂ ಜನರನ್ನೂ ಮೈದಾನದ ನಡುವಿಗೆ ಎಳೆದುಕೊಂಡು ಹೋದರು. ಇವರ ಕಣ್ಣು ಮಾತ್ರ ಗ್ಯಾಲರಿಯ ಮೇಲಿತ್ತು.

ಮೂರು ಇಪ್ಪತ್ತೇಳು. ಮೊದಲು ಹಗ್ಗದ ಸದ್ದು, ಆಮೇಲೆ ಮರದ್ದು. ಮೇಲಿನ ಸಾಲುಗಳು ಖಾಲಿಯಾಗಿದ್ದವು. ಕೆಳಗೆ ನಾವು ಮೂವತ್ತು ನಲವತ್ತು ಜನ ಇನ್ನೂ ಇಳಿಯುತ್ತಿದ್ದೆವು. ನನಗೆ ಮೊಣಕೈ ತರಚಿತು, ಅಷ್ಟೆ. ಅಜ್ಜಿಯ ಕಾಲು ಹಲಗೆಯಡಿ ಸಿಕ್ಕಿ ಮುರಿಯಿತು. ಇನ್ನು ನಾಲ್ವರಿಗೆ ಕೈಯೋ ಕಾಲೋ. ಯಾರೂ ಸಾಯಲಿಲ್ಲ. ಅಧ್ಯಕ್ಷರು ಅಜ್ಜಿಯನ್ನು ತಾವೇ ಎತ್ತಿ ಜೀಪಿನಲ್ಲಿ ಮಲಗಿಸಿ ಆಸ್ಪತ್ರೆಗೆ ಓಡಿಸಿಕೊಂಡು ಹೋದರು.

ಅದೇ ಸಂಜೆ ಇವರು ರಾಜೀನಾಮೆ ಬರೆದು ನನ್ನ ಕೈಯಲ್ಲಿಟ್ಟರು. ಬೇಡ ಸಾರ್ ಎಂದೆ. "ನಾಲ್ಕು ಜನದ ಮುಂದೆ ಅವರನ್ನ ಹಂಗೆ ಕರ್ದಿದ್ದೀನಿ. ಇನ್ನು ಅವರು ಆ ಕುರ್ಚೀಲಿ ಕೂತ್ರೆ ನಾನು ಎದುರಿಗೆ ಕೂರೋಕಾಗಲ್ಲ, ನಾನು ಕೂತ್ರೆ ಅವರಿಗಾಗಲ್ಲ."

ಅಂದಿನಿಂದ ನನಗೆ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಹಗ್ಗದ ಸದ್ದು. ಊಟ ರುಚಿಸಲಿಲ್ಲ, ಅಳುವೂ ಬರಲಿಲ್ಲ. ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಹೋಗುತ್ತಿದ್ದೆ. ಊರಿನಲ್ಲಿ ಮಾತು ಬೇರೆಯಾಗಿತ್ತು. ಸಿ.ಇ.ಒ. ಜನರನ್ನು ಒಟ್ಟಿಗೆ ಎಬ್ಬಿಸಿದ್ದಕ್ಕೇ ಗ್ಯಾಲರಿ ಬಿತ್ತು ಎಂದು. ಸಮಿತಿಗೆ ವರದಿ ಬರೆಯುವ ಕೆಲಸ ನನಗೆ ಬಂತು. ಮೂರು ಹತ್ತರಿಂದ ಮೂರು ಇಪ್ಪತ್ತೇಳರವರೆಗೆ ಕಂಡದ್ದು, ಕೇಳಿದ್ದು ಬರೆದೆ. ಹಸಿ ಮರ, ಮೂರು ಸಲ ಹತ್ತಿದ್ದು, ಮೈಕಿನ ಮಾತು. ಅಧ್ಯಕ್ಷರು ನಿಂತುಕೊಂಡೇ ಓದಿದರು.

"ಮರದ್ದು ಇರ್ಲಿ. ತಪ್ಪು ನಮ್ದೇ. ಆ ಮೈಕಿನ ಮಾತೊಂದು ತೆಗ್ದುಬಿಡಮ್ಮ."

"ಆ ಮಾತಿಲ್ದಿದ್ರೆ ನೀವು ಇಳೀತಿರ್ಲಿಲ್ಲ ಸಾರ್."

ಅವರು ನನ್ನನ್ನು ನೋಡಿದರು. ಕೆಲಸ ಹೋಯಿತು ಎಂದುಕೊಂಡೆ. ಅವರು ಪೆನ್ನು ಕೇಳಿದರು. ಸಹಿ ಹಾಕಿ ಹೊರಗೆ ಹೋದರು.

ವರದಿಯ ಪ್ರತಿ ತಗೊಂಡು ಒಂದು ಭಾನುವಾರ ಕುಶಾಲನಗರಕ್ಕೆ ಹೋದೆ. ಇವರು ಜಗಲಿಯಲ್ಲಿ ಕೂತು ಜೋಳ ಬಿಡಿಸುತ್ತಿದ್ದರು. ಕೈ ಮೊದಲ ಸಲ ಮಾಮೂಲಿ ಕೈಯಂತೆ ಕಂಡಿತು. ಓದಿ, ಮಡಚಿ ಪಕ್ಕಕ್ಕಿಟ್ಟರು. ನಾನು ಬಂದದ್ದು ಅದಕ್ಕಲ್ಲ.

"ನೀವು ಹೇಳಿದಾಗ್ಲೇ ನಂಗೆ ಗೊತ್ತಿತ್ತು ಸಾರ್. ನಾನು ಏಳ್ಲಿಲ್ಲ. ಎದ್ದಿದ್ರೆ ಅಜ್ಜೀನೂ ನನ್ನ ಜೊತೆ ಏಳ್ತಿದ್ರು."

ಅವರು ಕೈಲಿದ್ದ ತೆನೆ ಕೆಳಗಿಟ್ಟರು. "ಮೊದಲ್ನೇ ಸಲ ಕೈ ಇಟ್ಟಾಗ್ಲೇ ನಂಗೂ ಗೊತ್ತಿತ್ತು ಕಣಮ್ಮ. ಆದ್ರೂ ಮೂರು ಸಲ ಹತ್ತಿ ಅಪ್ಪಣೆ ಕೇಳ್ದೆ. ಆ ಹೊತ್ತಲ್ಲಿ ಬಿದ್ದಿದ್ರೆ? ನೀನು ಕೂತಿದ್ದೆ, ನಾನು ಕೇಳ್ತಾ ನಿಂತಿದ್ದೆ. ಇಬ್ಬರೂ ಅವರು ಏಳ್ಲಿ ಅಂತಾನೇ ಕಾಯ್ತಿದ್ವಿ."

ಅದನ್ನು ಅವರು ಬೇರೆ ಯಾರಿಗೂ ಹೇಳಿರಲಿಕ್ಕಿಲ್ಲ. ನನಗೆ ಹೇಳಿದರು. ನನ್ನನ್ನು ಬದುಕಿಸಿದ್ದಕ್ಕಿಂತ ಹೆಚ್ಚಿನ ಋಣ ಅದು.

ಅವರ ಹೆಂಡತಿ ಕಾಫಿ ತಂದರು. ಗೋಡೆಗೆ ಒರಗಿ ಕುಡಿದೆ. ಹೊರಗೆ ಇನ್ನೂ ಬಿಸಿಲಿತ್ತು. ಕಣ್ಣು ಬಿಟ್ಟಾಗ ಮೈಮೇಲೆ ಕಂಬಳಿ, ಅಂಗಳದಲ್ಲಿ ಬೆಳಗಿನ ಬೆಳಕು.

"ನಿಮ್ಮನೇಗೆ ಫೋನ್ ಮಾಡಿ ಹೇಳಿದ್ದೀನಿ," ಎಂದರು ಅವರ ಹೆಂಡತಿ. "ಕೊನೇ ಬಸ್ಸಿಗೆ ಎಬ್ಬಿಸ್ತೀನಿ ಅಂದ್ರೆ ಇವರು ಬಿಡ್ಲಿಲ್ಲ ಕಣಮ್ಮ."