ಗಿರಣಿಯ ಮೊದಲ ಹಿಟ್ಟು

ಹುಣಸೆ ಬೀಜದ ಹಿಟ್ಟಿನಲ್ಲಿ ಯಾವ ಸಕ್ಕರೆ ಎಷ್ಟಿದೆ ಎಂದು ನೋಡಿ ಹೇಳುವುದು ನನ್ನ ಮೊದಲ ನೌಕರಿ. ಹೀಗೆಂದರೆ ನಮ್ಮೂರಲ್ಲಿ ನಗುತ್ತಿದ್ದರು. ಹುಣಸೆ ಬೀಜದಲ್ಲಿ ಎಂಥ ಸಕ್ಕರೆ, ಅಗಿದರೆ ಬರೀ ಒಗರು ಅನ್ನುತ್ತಿದ್ದರು. ಅವರದೇನೂ ತಪ್ಪಿಲ್ಲ. ಆ ಸಕ್ಕರೆಗಳು ಸರಪಳಿಯ ಹಾಗೆ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ, ನಾಲಗೆಗೆ ಸಿಕ್ಕುವುದಿಲ್ಲ. ಚಿಟಿಕೆ ಹಿಟ್ಟು ತೂಗಿ, ಗಾಜಿನ ಕೊಳವೆಯಲ್ಲಿ ಆಸಿಡ್ ಹಾಕಿ, ಮುಚ್ಚಳ ಬಿಗಿದು ಎರಡು ಮೂರು ಗಂಟೆ ಕಾಯಿಸಿದರೆ ಕೊಂಡಿಗಳು ಬಿಚ್ಚಿಕೊಳ್ಳುತ್ತವೆ. ಆಮೇಲೆ ಸೋಸಿ ಯಂತ್ರಕ್ಕೆ ಹಾಕಿದರೆ ಸಕ್ಕರೆಗಳು ಒಂದೊಂದಾಗಿ ಹೊರಬಂದು, ಕಾಗದದ ಮೇಲೆ ಒಂದೊಂದಕ್ಕೂ ಒಂದು ಗುಡ್ಡ ಮೂಡುತ್ತದೆ. ಹುಣಸೆ ಬೀಜಕ್ಕೆ ಗ್ಲೂಕೋಸ್, ಕ್ಸೈಲೋಸ್, ಗ್ಯಾಲಕ್ಟೋಸ್ ಎಂಬ ಮೂರು ಗುಡ್ಡ. ಮೂರರ ಎತ್ತರಕ್ಕೂ ಒಂದು ಹದವಿದೆ. ಗ್ಲೂಕೋಸಿನ ಗುಡ್ಡ ಮಾತ್ರ ಎದ್ದು ನಿಂತರೆ ಯಾರೋ ಧಾನ್ಯದ ಹಿಟ್ಟು ಬೆರೆಸಿದ್ದಾರೆಂದು ಅರ್ಥ.

ಆಗ ಹಾರೋಹಳ್ಳಿಯ ಕಡೆ ಹೊಲಗಳನ್ನು ಮಟ್ಟ ಮಾಡಿ ಶೆಡ್ಡುಗಳನ್ನು ಎಬ್ಬಿಸುತ್ತಿದ್ದ ಕಾಲ. ನಮ್ಮ ಕಾರ್ಖಾನೆಯೂ ಅಂಥದೊಂದು ಶೆಡ್ಡು. ಬೀಜ ಹುರಿದು, ಸಿಪ್ಪೆ ತೆಗೆದು, ಒಳಗಿನ ಬಿಳಿ ಬೇಳೆಯನ್ನು ಕಲ್ಲಿನ ಗಿರಣಿಯಲ್ಲಿ ಬೀಸಿ ಬಟ್ಟೆಯ ಗಂಜಿಗೂ ಅಂಟಿಗೂ ಮಾರುತ್ತಿದ್ದರು. ಹೊರದೇಶದವರೊಬ್ಬರು ಕೊಳ್ಳಲು ಮುಂದೆ ಬಂದು, ಸಕ್ಕರೆಯ ಪರೀಕ್ಷೆ ಆಗಲೇಬೇಕು ಎಂದ ಮೇಲೆ ಮೂಲೆಯ ಕೋಣೆಗೆ ಏಸಿ ಹಾಕಿಸಿ, ಯಂತ್ರ ತರಿಸಿ, ಲ್ಯಾಬ್ ಎಂದು ಬೋರ್ಡು ಬರೆಸಿದರು. ಆ ಲ್ಯಾಬಿಗೆ ನಾನು ಸೇರುವಂತಾದದ್ದು ಗಿರಣಿಯ ಮುಂದೆ ಕೆಲಸ ಮಾಡುತ್ತಿದ್ದ ದೊಡ್ಡವ್ವನಿಂದ. ನೆಂಟಳಲ್ಲ, ಸಾತನೂರಿನ ಆಚೆಯ ನಮ್ಮೂರಲ್ಲಿ ನಮ್ಮ ಬೀದಿಯವಳೇ. ಅವಳನ್ನು ಬೀದಿಯ ಹೆಣ್ಣುಮಕ್ಕಳೆಲ್ಲ ದೊಡ್ಡವ್ವ ಎಂದೇ ಕರೆಯುತ್ತಿದ್ದೆವು. ನಮ್ಮೂರಲ್ಲಿ ಬಿಎಸ್ಸಿ ಮಾಡಿದ ಮಗು ಐತೆ ಸಾ, ಒಂದು ಸಲ ನೋಡಿ ಎಂದು ಮ್ಯಾನೇಜರರ ಹಿಂದೆ ಬಿದ್ದು ಹೇಳಿದ್ದಳಂತೆ. ಬೆಳಿಗ್ಗೆ ಸರ್ಕಾರಿ ಬಸ್ಸಿನಲ್ಲಿ ಸೆರಗು ಹಾಸಿ ನನಗೆ ಸೀಟು ಹಿಡಿದಿರುತ್ತಿದ್ದಳು. ನಾನು ಬಿಳಿ ಕೋಟನ್ನು ಎಲ್ಲರಿಗೂ ಕಾಣುವ ಹಾಗೆ ತೊಡೆಯ ಮೇಲೆ ಮಡಚಿಟ್ಟುಕೊಂಡು ಕೂರುತ್ತಿದ್ದೆ. ಅಷ್ಟು ಜಂಬ ನನಗೆ.

ಸೇರಿ ಐದು ತಿಂಗಳಾಗಿತ್ತು. ಆರು ತುಂಬಿದರೆ ಖಾಯಂ ಆಗಬೇಕು. ಒಂದು ದಿನವಿಡೀ ಶೆಡ್ಡಿನಿಂದ ಉಳಿಯ ಸದ್ದು ಕೇಳುತ್ತಿತ್ತು. ಗಿರಣಿಯ ಕಲ್ಲು ಸವೆದು ನುಣುಪಾಗಿತ್ತು, ಅದನ್ನು ಮತ್ತೆ ಒರಟಾಗಿಸಲು ಕಲ್ಲು ಕುಟ್ಟುವವನನ್ನು ಕರೆಸಿದ್ದರು.

ಮಾರನೆಯ ಬೆಳಿಗ್ಗೆ ಗಿರಣಿ ಶುರುವಾಯಿತು. ಹತ್ತು ಚೀಲ ತುಂಬಿದ ಮೇಲೆ ಪ್ರತಿ ಚೀಲದಿಂದ ಒಂದೊಂದು ಚಮಚ ತೆಗೆದು, ಕಲಸಿ, ಅದನ್ನು ಪರೀಕ್ಷೆಗೆ ಇಡಬೇಕು. ಅದು ನಿಯಮ. ಹತ್ತು ಚೀಲ ತುಂಬುವ ಹೊತ್ತಿಗೆ ಮಧ್ಯಾಹ್ನವಾಗುತ್ತದೆ, ಆಮೇಲೆ ಕಾಯಿಸಿ ಯಂತ್ರಕ್ಕೆ ಹಾಕಿದರೆ ಸಂಜೆಯ ಬಸ್ಸು ತಪ್ಪುತ್ತದೆ. ಹಾಗಾಗಿ ನಾನು ಬೆಳಿಗ್ಗೆಯೇ ಗಿರಣಿಯ ಬಾಯಿಗೆ ಡಬ್ಬಿ ಹಿಡಿದು, ಮೊದಲು ಬಿದ್ದ ಹಿಟ್ಟನ್ನೇ ಒಯ್ಯುವ ಅಭ್ಯಾಸ ಮಾಡಿಕೊಂಡಿದ್ದೆ. ಹಿಟ್ಟು ಎಲ್ಲಿ ಹಿಡಿದರೇನು, ಅದೇ ಬೀಜ, ಅದೇ ಕಲ್ಲು ಎಂದುಕೊಂಡಿದ್ದೆ.

ಅಂದು ಗ್ಲೂಕೋಸಿನ ಗುಡ್ಡ ಮಿಕ್ಕವನ್ನು ಬಿಟ್ಟು ಮೇಲಕ್ಕೆ ಏರಿತ್ತು. ಎರಡನೇ ಸಲ ಹಾಕಿದೆ, ಅದೇ ಬಂತು. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಕಳ್ಳನನ್ನು ಹಿಡಿದ ಹಾಗೆ ಆ ಕಾಗದವನ್ನು ಎತ್ತಿಕೊಂಡು ಮ್ಯಾನೇಜರರ ಕೋಣೆಗೆ ಹೋದೆ. ಇದು ಬೀಜದಿಂದಲೇ ಬಂದಿರಬಹುದಾ ಎಂದು ಕೇಳಿದರು. ಸಾಧ್ಯವೇ ಇಲ್ಲ, ಹೊರಗಿನ ಹಿಟ್ಟು ಸೇರಿದೆ ಎಂದೆ. ಅವರು ದೊಡ್ಡವ್ವನನ್ನು ಕರೆಸಿದರು.

ಅವಳು ಮುಚ್ಚಿಡಲು ನೋಡಲೇ ಇಲ್ಲ. ಮುಚ್ಚಿಡುವಂಥದ್ದು ಏನಾದರೂ ನಡೆದಿದೆ ಎಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ.

"ಕಲ್ಲು ಕುಟ್ಸಿದ್ರಲ್ಲ ಸಾ, ಬೀಜ ಬುಟ್ರೆ ಕಲ್ಲುಪುಡಿ ಬಂದ್ಬುಡ್ತದೆ ಅಂತ ಒಂದು ಸೇರು ರಾಗಿ ಬುಟ್ಟೆ. ನಮ್ಮನೆ ರಾಗಿನೇಯ. ಆ ಹಿಟ್ಟ ಬೇರೆ ತೆಗೆದಿಟ್ಟಿವ್ನಿ, ದನಕ್ಕಾಯ್ತದೆ."

ನಮ್ಮ ಕಡೆ ಬೀಸುವ ಕಲ್ಲು ಕುಟ್ಟಿಸಿದ ಮೇಲೆ ಮೊದಲು ಒಂದಿಷ್ಟು ರಾಗಿ ಬೀಸಿ, ಆ ಹಿಟ್ಟನ್ನು ದನದ ಕಲಗಚ್ಚಿಗೆ ಹಾಕುತ್ತಾರೆ. ಕಲ್ಲಿನ ಸಂದಿನ ಪುಡಿಯೆಲ್ಲ ಅದರಲ್ಲಿ ಹೋಗುತ್ತದೆ. ಚಿಕ್ಕವಳಿದ್ದಾಗ ನಾನೇ ಆ ರಾಗಿಯನ್ನು ಮೊರದಲ್ಲಿ ಹೊತ್ತು ತಂದುಕೊಟ್ಟಿದ್ದೇನೆ. ಅವಳ ಬಾಯಿಂದ ಮಾತು ಬೀಳುತ್ತಲೇ ಎಲ್ಲವೂ ನನಗೆ ಹೊಳೆಯಿತು. ನಾನು ಡಬ್ಬಿ ತರುವ ಮೊದಲೇ ಅವಳು ರಾಗಿ ಬೀಸಿ ತೆಗೆದಿದ್ದಾಳೆ, ಗಿರಣಿಯ ಬಾಯಿಗೆ ಮೆತ್ತಿಕೊಂಡು ಉಳಿದ ಹಿಟ್ಟು ಮೊದಲ ಚೀಲಕ್ಕೆ ಇಳಿದಿದೆ, ಅದೇ ನನ್ನ ಡಬ್ಬಿಗೂ ಬಿದ್ದಿದೆ. ಮಿಕ್ಕ ಚೀಲಗಳಲ್ಲಿ ಏನೂ ಇಲ್ಲ.

ಮ್ಯಾನೇಜರ್ ಬೇರೆ ಸೀಮೆಯವರು, ಅವರಿಗೆ ಇದರ ತಲೆಬುಡ ಗೊತ್ತಾಗಲಿಲ್ಲ. ರಾಗಿ ಹಾಕಿದ್ದನ್ನು ಅವಳೇ ಒಪ್ಪಿಕೊಂಡಳಲ್ಲ ಎಂದು ನನ್ನ ಮುಖ ನೋಡಿದರು. ಯಂತ್ರ ತೋರಿಸಿರುವುದು ಅದನ್ನೇ ತಾನೇ ಎಂದರು. ಅದನ್ನೇ ಸರ್ ಎಂದೆ. ಹೇಳಿದ್ದು ಸುಳ್ಳಲ್ಲ. ಅದು ಮೊದಲ ಚೀಲದ್ದು ಮಾತ್ರ ಎನ್ನಬೇಕಾದರೆ ಹತ್ತು ಚೀಲದಿಂದ ನಾನು ಹಿಟ್ಟು ತೆಗೆದೇ ಇಲ್ಲ, ಐದು ತಿಂಗಳಿಂದ ತೆಗೆದಿಲ್ಲ ಎಂದೂ ಹೇಳಬೇಕಿತ್ತು. ದೊಡ್ಡವ್ವ ನನ್ನ ಕಡೆ ತಿರುಗಿ, ನೀನಾದ್ರೂ ಒಸಿ ಬುಡಿಸಿ ಹೇಳವ್ವ ಎಂದಳು. ನಾನು ಕೈಯಲ್ಲಿದ್ದ ಕಾಗದ ನೋಡುತ್ತಾ ನಿಂತೆ. ಆವತ್ತೇ ಅವಳನ್ನು ಕೆಲಸದಿಂದ ತೆಗೆದರು.

ಮಾರನೆಯ ದಿನ ಬೇಗ ಹೋಗಿ ಮಿಕ್ಕ ಒಂಬತ್ತು ಚೀಲಗಳಿಂದ ಹಿಟ್ಟು ತೆಗೆದು ಪರೀಕ್ಷೆಗೆ ಇಟ್ಟೆ. ಮಧ್ಯಾಹ್ನದ ಹೊತ್ತಿಗೆ ಮೂರು ಗುಡ್ಡಗಳೂ ಅಚ್ಚುಕಟ್ಟಾಗಿ ಬಂದವು. ಲ್ಯಾಬಿನ ಕಿಟಕಿಯಿಂದ ಗೇಟು ಕಾಣುತ್ತಿತ್ತು. ದೊಡ್ಡವ್ವ ಅಂದೂ ಬಂದಿದ್ದಳು. ವಾಚ್‌ಮನ್ ಒಳಗೆ ಬಿಟ್ಟಿರಲಿಲ್ಲ. ಹೊಂಗೆ ಮರದ ಕೆಳಗೆ ಊಟದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಯಾರಾದರೂ ಕರೆಯುತ್ತಾರೇನೋ ಎಂದು ಸಂಜೆಯವರೆಗೆ ಕೂತಿದ್ದಳು. ನಾನು ಹೊಸ ಕಾಗದವನ್ನು ಹಳೆಯದರ ಜೊತೆ ಮಡಚಿ ಬ್ಯಾಗಿನ ತಳಕ್ಕೆ ಹಾಕಿದೆ. ಮುಂದಿನ ತಿಂಗಳು ನನ್ನ ಕೆಲಸ ಖಾಯಂ ಆಯಿತು.

ಅಲ್ಲಿನ ಶೆಡ್ಡುಗಳಿಗೆಲ್ಲ ಕೂಲಿಯವರನ್ನು ಕೊಡುತ್ತಿದ್ದ ಕಂಟ್ರಾಕ್ಟರು ಒಬ್ಬನೇ. ಹಿಟ್ಟು ಬೆರೆಸುವವಳು ಎಂಬ ಮಾತು ಎಲ್ಲ ಗೇಟಿಗೂ ಮುಟ್ಟಿತು. ಬಸ್ಸಿನಲ್ಲೂ ಹೆಂಗಸರು ಕುಹಕದ ಮಾತಾಡಿದರು. ಯಾರೂ ಕೆಲಸ ಕೊಡದೆ ಕಡೆಗೆ ಅವಳು ರಾಮನಗರಕ್ಕೆ ಹೋಗಿ ರೇಷ್ಮೆ ಬಿಚ್ಚುವ ಕಡೆ ಸೇರಿಕೊಂಡಳು. ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ ಎಳೆ ತೆಗೆಯುವ ಕೆಲಸ. ಎಳೆಯ ಪ್ರಾಯದಲ್ಲಿ ಕಲಿತವರ ಕೈಯೇ ಅಲ್ಲಿ ಬೇಯುತ್ತದೆ. ಐವತ್ತು ದಾಟಿದವಳ ಕೈ ಏನಾಗಬೇಕು? ಚರ್ಮ ಸುಲಿದು, ಹುಣ್ಣಾಗಿ, ಕೀವು ತುಂಬಿತು. ನಾಲ್ಕು ವರ್ಷಕ್ಕೆ ಊರಿಗೆ ವಾಪಸು ಬಂದಳು. ಬಲಗೈಯ ಎರಡು ಬೆರಳನ್ನು ಆಸ್ಪತ್ರೆಯಲ್ಲಿ ಕತ್ತರಿಸಿದ್ದರು, ಎರಡೂ ಕೈಗಳ ಮಿಕ್ಕ ಬೆರಳುಗಳು ಮಡಚುತ್ತಿರಲಿಲ್ಲ. ಮುದ್ದೆ ಮುರಿದುಕೊಳ್ಳಲು ಆಗುವುದಿಲ್ಲ, ಸೊಸೆ ಅಂಬಲಿ ಮಾಡಿ ಕುಡಿಸುತ್ತಾಳೆ ಎಂದು ನಮ್ಮವ್ವ ಹೇಳಿದಳು. ಆ ರಾತ್ರಿ ನನಗೂ ಉಣ್ಣಲಾಗಲಿಲ್ಲ.

ಭಾನುವಾರ ಆ ಎರಡು ಕಾಗದ ತೆಗೆದುಕೊಂಡು ಅವಳ ಮನೆಗೆ ಹೋದೆ. ಜಗಲಿಯ ಮೇಲೆ ಕೂತಿದ್ದಳು. ಕ್ಷಮಿಸು ಎಂದು ಹೇಳಲು ಹೋದವಳು ಕಾಗದಗಳನ್ನೇ ಬಿಡಿಸಿ ಮುಂದಿಟ್ಟೆ. ಅವಳಿಗೆ ಓದು ಬಾರದು. ಆದರೂ ಬಗ್ಗಿ ನೋಡಿದಳು.

"ಇದ್ರಲ್ಲಿ ನನ್ನ ರಾಗಿ ಯಾವ್ದವ್ವ?"

ಎತ್ತರದ ಗುಡ್ಡವನ್ನು ತೋರಿಸಿದೆ. ಉಳಿದ ಬೆರಳಿನಿಂದ ಅದನ್ನು ಮುಟ್ಟಿದಳು. ಆಮೇಲೆ ಇನ್ನೊಂದು ಕಾಗದ ಏನೆಂದು ಕೇಳಿದಳು. ಅದು ಮಿಕ್ಕ ಚೀಲಗಳದ್ದು, ಅದರಲ್ಲಿ ರಾಗಿ ಇಲ್ಲ, ನಿನ್ನದೇನೂ ತಪ್ಪಿರಲಿಲ್ಲ ಎಂದು ಹೇಳಿದೆ. ನಾನೇ ಗಿರಣಿಯ ಬಾಯಿಂದ ಹಿಟ್ಟು ಹಿಡಿದದ್ದನ್ನೂ ಹೇಳಿದೆ. ಅವಳು ಆ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಮಾರ್ನೆ ದಿನ ಗೇಟ್ ತಾವು ಕುಂತಿದ್ನಲ್ಲ, ಆವಾಗ ನಿನ್ನ ತಾವು ಇತ್ತಾ ಇದು?"

ಹೂಂ ಎಂದೆ.

ಅವಳು ಎರಡೂ ಕಾಗದಗಳನ್ನು ಅಂಗೈಯಿಂದ ನನ್ನ ಕಡೆಗೆ ತಳ್ಳಿದಳು. ಸೊಸೆ ಅಂಬಲಿಯ ಲೋಟ ತಂದಿಟ್ಟಳು. ದೊಡ್ಡವ್ವ ಅದನ್ನು ಎರಡೂ ಮಣಿಕಟ್ಟುಗಳ ನಡುವೆ ಎತ್ತಿ ಹಿಡಿದು, ನನ್ನ ಕಡೆ ನೋಡದೆ ಕುಡಿಯತೊಡಗಿದಳು.