ಕಾರ್ಬ್ಯುರೇಟರ್ ಸಾಕು ಅಂತ ಹೇಳಿದ ತಪ್ಪಿಗೆ

ಮೆಲ್ಬರ್ನ್‌ನಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ ನನ್ನ ಮುಂದೆ ತಂದು ನಿಲ್ಲಿಸಿದ ಗಾಡಿಗೆ ಚಕ್ರವೇ ಇರಲಿಲ್ಲ. ಮುಂದೆ ಎರಡು ಹಲಗೆ, ಹಿಂದೆ ಬುಲ್‌ಡೋಜರಿಗೆ ಇರುವಂಥ ರಬ್ಬರ್ ಪಟ್ಟಿ, ಮೇಲೆ ಬೈಕಿನ ಹ್ಯಾಂಡಲ್. ಮಂಗಳೂರಿನಲ್ಲಿ ಇಪ್ಪತ್ತು ವರ್ಷ ಟೂ ವೀಲರ್ ರಿಪೇರಿ ಮಾಡಿದವನು ನಾನು. ಹಿಮವನ್ನು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಬಿಟ್ಟು ಬೇರೆಲ್ಲೂ ಕಂಡವನಲ್ಲ. ಆಸ್ಟ್ರೇಲಿಯಾದಲ್ಲಿ ಹಿಮದ ಬೆಟ್ಟಗಳಿವೆ ಎಂದು ಊರಲ್ಲಿ ಒಬ್ಬರೂ ಹೇಳಿರಲಿಲ್ಲ. ಕಾಂಗರೂ ಬಗ್ಗೆ ಮಾತ್ರ ಎಲ್ಲರೂ ಹೇಳಿದ್ದರು.

"ಸ್ನೋಮೊಬೈಲ್, ಮೇಟ್," ಎಂದ ಓನರ್ ಗ್ರೆಗ್. ಮೇಟ್ ಎಂದರೆ ಗೆಳೆಯ. ಆದರೆ ಬೈಯುವಾಗಲೂ ಅದನ್ನೇ ಹೇಳುತ್ತಾರೆ, ಹಾಗಾಗಿ ಮುಖ ನೋಡಿ ಅರ್ಥ ಮಾಡಿಕೊಳ್ಳಬೇಕು. ಅವನ ಇಂಗ್ಲಿಷನ್ನು ಇಲ್ಲಿ ನನ್ನ ಭಾಷೆಯಲ್ಲೇ ಬರೆಯುತ್ತೇನೆ.

ನಾವು ವಿಮಾನ ಇಳಿದದ್ದು ಸಿಡ್ನಿಯಲ್ಲಿ. ವೆಸ್ಟ್‌ಮೀಡ್‌ನಲ್ಲಿರುವ ಹೆಂಡತಿ ಲವೀನಾಳ ಅಕ್ಕನ ಫ್ಲ್ಯಾಟ್‌ನಲ್ಲಿ ಹದಿನೈದು ದಿನ ಇದ್ದೆವು. ಪಕ್ಕದ ಪೆಂಡಲ್ ಹಿಲ್ ಬಡಾವಣೆಯ ಅಂಗಡಿಯಲ್ಲಿ ಕುಚ್ಚಲಕ್ಕಿಯೂ ಸಿಕ್ಕಿತು, ಒಣಮೀನೂ ಸಿಕ್ಕಿತು. ಊರು ಬಿಟ್ಟು ಬಂದಿದ್ದೇವೆ ಅನಿಸಲೇ ಇಲ್ಲ. ಅದು ಅನಿಸಿದ್ದು ಮೆಲ್ಬರ್ನ್‌ನ ವೆರಿಬೀಯಲ್ಲಿ ರೆಂಟ್ ಮನೆ ಹಿಡಿದ ಮೇಲೆ. ಬೀದಿಯಲ್ಲಿ ಇಂಡಿಯಾದವರು ಬೇಕಾದಷ್ಟು ಜನ. ಆದರೆ ನನ್ನ ಹಿಂದಿ ಕೇಳಿ ಅವರೇ ಕನಿಕರದಿಂದ ಇಂಗ್ಲಿಷಿಗೆ ತಿರುಗುತ್ತಿದ್ದರು.

ಊರಲ್ಲಾದರೆ ಓನರ್ ಜೊತೆ ಬೆಳಿಗ್ಗೆ ಜಗಳವಾದರೆ ಮಧ್ಯಾಹ್ನ ಎದುರಿನ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿಯಬಹುದು. ಇಲ್ಲಿ ನನ್ನ ವೀಸಾ ಇದ್ದದ್ದೇ ಗ್ರೆಗ್‌ನ ಹೆಸರಿನ ಮೇಲೆ. ಎರಡು ವರ್ಷ ಅವನ ಹತ್ತಿರವೇ ದುಡಿದರೆ ಪಿಆರ್, ಅಂದರೆ ಕಾಯಂ ಇರುವ ಪರವಾನಗಿ. ನಡುವೆ ಕೆಲಸ ಹೋದರೆ ತೊಂಬತ್ತು ದಿನದಲ್ಲಿ ಬೇರೆ ಓನರ್ ಹುಡುಕಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಮಂಗಳೂರಿನ ಗ್ಯಾರೇಜನ್ನು ಮಾರಿ ಬಂದವನಿಗೆ ವಾಪಸ್ ಹೋಗಲು ಜಾಗವಿರಲಿಲ್ಲ.

ಮೊದಲ ಚಳಿಗಾಲದಲ್ಲೇ ಪರೀಕ್ಷೆ ಬಂತು. ಬೆಟ್ಟದ ಮೇಲಿನ ಒಂದು ಲಾಡ್ಜ್‌ಗೆ ಹೊಸ ಸ್ನೋಮೊಬೈಲ್‌ಗಳು ಬೇಕಿದ್ದವು; ಆರಿಸಿ ಕೊಟ್ಟು ನೋಡಿಕೊಳ್ಳುವ ಕೆಲಸ ಗ್ರೆಗ್‌ನದು. ಸ್ಕೀಯಿಂಗ್ ಮಾಡಿ ಕಾಲು ಮುರಿದುಕೊಂಡವರನ್ನು ಕೆಳಗೆ ತರುವುದು ಅವುಗಳಲ್ಲೇ. ಹೊಗೆ, ಗದ್ದಲ ಕಡಿಮೆ ಇರಲಿ ಎಂದು ಫೋರ್ ಸ್ಟ್ರೋಕ್ ಎಂಜಿನ್ ಎಂಬುದು ತೀರ್ಮಾನವಾಗಿತ್ತು. ಉಳಿದದ್ದು ಒಂದೇ ಪ್ರಶ್ನೆ. ಸ್ಮೋಕೋ ಹೊತ್ತಿಗೆ, ಅಂದರೆ ಇಲ್ಲಿಯ ಹತ್ತು ಗಂಟೆಯ ಚಹಾ ಬಿಡುವಿನಲ್ಲಿ, ಗ್ರೆಗ್ ಕೇಳಿದ: "ಕಾರ್ಬ್ಯುರೇಟರಾ, ಇಂಜೆಕ್ಷನ್ನಾ? ನೀನೇ ಓಡಿಸಿ ನೋಡಿ ಹೇಳು, ವಾಲ್ಟರ್. ನೀನು ಹೇಳಿದ್ದೇ ಫೈನಲ್."

ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್, ಗಾಳಿ ಬೆರೆಯುವ ಹದವನ್ನು ಮೆಕ್ಯಾನಿಕ್ ಸ್ಕ್ರೂ ತಿರುಗಿಸಿ, ಕಿವಿಗೊಟ್ಟು ಸರಿ ಮಾಡುತ್ತಾನೆ. ಇಂಜೆಕ್ಷನ್‌ನಲ್ಲಿ ಚಳಿ ಎಷ್ಟು, ಎತ್ತರ ಎಷ್ಟು ಎಂದು ಕಂಪ್ಯೂಟರೇ ಅಳೆದು ಪೆಟ್ರೋಲ್ ಬಿಡುತ್ತದೆ. ಕೆಟ್ಟರೆ ಡೀಲರ್ ಕಡೆಯವನು ಲ್ಯಾಪ್‌ಟಾಪ್ ಸಿಕ್ಕಿಸಿ ನೋಡುತ್ತಾನೆ. ಗ್ರೆಗ್ ನನ್ನನ್ನು ಕರೆಸಿಕೊಂಡದ್ದೇ ಹಳೆಯ ಕಾರ್ಬ್ಯುರೇಟರ್ ಬಿಚ್ಚುವವರು ಇಲ್ಲಿ ಸಿಗುವುದಿಲ್ಲವೆಂದು. ಇಂಜೆಕ್ಷನ್ ಬಂದರೆ ನಾನು ಯಾಕೆ?

ಎರಡೂ ಬಗೆಯ ಗಾಡಿಗಳನ್ನು ಓಡಿಸಿ ನೋಡಲು ಬೆಟ್ಟ ಹತ್ತಿದೆ. ಇಲ್ಲಿಯ ಹಿಮ ಒಣ ಹಿಟ್ಟಿನಂತಿಲ್ಲ, ಒದ್ದೆ ಒದ್ದೆ. ಮಂಜು ಮುಸುಕಿ, ಹಿಮ ಇತ್ತ ಕರಗದೆ ಅತ್ತ ಗಟ್ಟಿಯಾಗದೆ ಇರುವಾಗ ಕಾರ್ಬ್ಯುರೇಟರಿನ ಗಂಟಲಲ್ಲಿ ಐಸ್ ಕಟ್ಟುತ್ತದೆ. ಮಧ್ಯದ ಇಳಿಜಾರಿನಲ್ಲಿ ಕಾರ್ಬ್ಯುರೇಟರ್ ಗಾಡಿ ಎರಡು ಸಲ ಸತ್ತಿತು. ಫ್ಲಾಸ್ಕಿನ ಬಿಸಿ ಚಹಾವನ್ನು ಕಾರ್ಬ್ಯುರೇಟರ್ ಮೇಲೆ ಸುರಿದು ಎಬ್ಬಿಸಿದೆ. ಇಂಜೆಕ್ಷನ್ ಗಾಡಿ ಬಟನ್ ಒತ್ತಿದ ಕೂಡಲೇ ಎದ್ದು, ಒಮ್ಮೆಯೂ ಕೆಮ್ಮದೆ ಮೇಲೆ ಹೋಗಿ ಬಂತು.

ಮನೆಗೆ ಬಂದು ಲವೀನಾಗೆ ಹೇಳಿದೆ. ಏಜ್ಡ್ ಕೇರ್‌ನಲ್ಲಿ, ಅಂದರೆ ಇಲ್ಲಿಯ ವೃದ್ಧಾಶ್ರಮದಲ್ಲಿ, ಮುದುಕರನ್ನು ಎತ್ತಿ ಇಳಿಸಿ ಅವಳ ಸೊಂಟ ಬಿದ್ದುಹೋಗಿತ್ತು.

"ಕಾರ್ಬ್ಯುರೇಟರ್ ಅಂತ ಹೇಳಿ ಮಾರಾಯ್ರೆ."

"ಅದು ಸರಿ ಇಲ್ಲ ಲವೀನಾ. ನಡುದಾರಿಯಲ್ಲಿ ನಿಲ್ತದೆ."

"ನಿಂತ್ರೆ ಹೋಗಿ ಸರಿ ಮಾಡಿ. ನೀವಿರೋದು ಅದಕ್ಕೇ ಅಲ್ವಾ? ಸತ್ಯ ಹೇಳಿದ್ರೆ ಎಂತ ಕೊಡ್ತಾನೆ ಅವ, ಮೆಡಲಾ?"

ಮರುದಿನ ಗ್ರೆಗ್‌ಗೆ ಹೇಳಿದೆ: "ಕಾರ್ಬ್ಯುರೇಟರ್ ಸಾಕು. ಸಿಂಪಲ್. ನಾನಿದ್ದೇನಲ್ಲ."

ಆ ಕೊನೆಯ ಮಾತಿಗೇ ಸಿಕ್ಕಿಬಿದ್ದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನಗೆ ಚರ್ಚಿನ ಭಾನುವಾರದ ಪೂಜೆಯೂ ಇಲ್ಲ, ಮಗಳ ಬರ್ತ್‌ಡೇಯೂ ಇಲ್ಲ. ಬೆಟ್ಟದ ರಕ್ಷಣಾ ತಂಡದ ಜೋಡಿ ಎಂಬ ಹೆಂಗಸು ಫೋನ್ ಮಾಡುತ್ತಾಳೆ, ನಾನು ಐದು ಗಂಟೆ ವ್ಯಾನ್ ಓಡಿಸಿಕೊಂಡು ಹೋಗುತ್ತೇನೆ. ಎರಡು ವರ್ಷ ಕಳೆದು ಪಿಆರ್ ಬಂತು. ಲವೀನಾಗೆ ವೆಸ್ಟ್‌ಮೀಡ್‌ನ ಆಸ್ಪತ್ರೆಯಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ಮಗಳು ರೀನಾಳನ್ನೂ ಕರೆದುಕೊಂಡು ಅವಳು ಸಿಡ್ನಿಗೆ ಹೊರಟಳು. "ಈಗ ವೀಸಾ ನಮ್ದು. ಬಿಟ್ಟು ಬನ್ನಿ," ಎಂದಳು. ನಾನೂ ರಾಜೀನಾಮೆ ಕೊಡುವ ಎಂದೇ ಇದ್ದೆ.

ಅದೇ ವಾರ ನಾನು ಬೆಟ್ಟದ ಮೇಲಿದ್ದಾಗ ಗಾಡಿ ಮತ್ತೆ ನಿಂತಿತು. ಅದರ ಹಿಂದೆ ಕಟ್ಟಿದ, ಹಿಮದ ಮೇಲೆ ಜಾರುವ ಬಂಡಿಯಲ್ಲಿ ತೊಡೆಮೂಳೆ ಮುರಿದ ಹೆಂಗಸೊಬ್ಬಳು ಹಲ್ಲು ಕಚ್ಚಿ ಮಲಗಿದ್ದಳು. ನಾನು ಬಿಸಿನೀರು ಹೊತ್ತು ನಡೆದು ತಲುಪುವಷ್ಟರಲ್ಲಿ ಅವಳ ತುಟಿ ನೀಲಿಯಾಗಿತ್ತು. ಗಾಡಿ ಎದ್ದಿತು, ಅವಳು ಬದುಕಿದಳು. ಜೋಡಿ ನನ್ನನ್ನು ತಬ್ಬಿಕೊಂಡಳು. "ನೀನಿಲ್ಲದಿದ್ದರೆ ಏನು ಗತಿ, ವಾಲ್ಟರ್!" ಅವಳು ನನ್ನ ಕೆನ್ನೆಗೆ ಹೊಡೆದಿದ್ದರೆ ಸಮಾಧಾನವಾಗುತ್ತಿತ್ತು.

ಗ್ರೆಗ್‌ಗೆ ಎಲ್ಲ ಹೇಳಿಬಿಟ್ಟೆ. ಅವನು ಚಹಾ ಮುಗಿಸಿ ಮಗ್ ಕೆಳಗಿಟ್ಟ.

"ಅವತ್ತೇ ಗೊತ್ತಿದ್ದೂ ಕಾರ್ಬ್ಯುರೇಟರ್ ಅಂದ್ಯಾ?"

"ಹೌದು. ವೀಸಾ ಹೆದರಿಕೆ."

"ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ, ಮೇಟ್. ಡೀಲರ್ ಸಿಡ್ನಿಯಲ್ಲಿ ಇಂಜೆಕ್ಷನ್ ಟ್ರೈನಿಂಗ್ ಕೊಡ್ತಿದ್ದ. ನಿನ್ನನ್ನೇ ಕಳಿಸ್ತಿದ್ದೆ."

ಇಷ್ಟು ವರ್ಷ ಅವನ ಜೊತೆ ಚಹಾ ಕುಡಿದಿದ್ದೇನೆ, ಆ ಒಂದು ಮಾತು ಕೇಳಲು ಬಾಯಿ ಬಂದಿರಲಿಲ್ಲ. ಓನರ್ ಎದುರು ಹೆದರಿಕೆ ಹೇಳಬಾರದು ಎಂದು ನಮಗೆ ಯಾರು ಕಲಿಸಿದರೋ.

ಲಾಡ್ಜ್‌ನವರು ಗಾಡಿ ಬದಲಾಯಿಸಲು ಒಪ್ಪಿದ್ದಾರೆ, ಆದರೆ ಬರುವ ವರ್ಷ. ಈ ಸೀಸನ್ ಇವೇ ಓಡಬೇಕು. ಅಲ್ಲಿವರೆಗೆ ನಾನು ಹೋಗುವುದಿಲ್ಲ ಎಂದು ನಾನೇ ಹೇಳಿದೆ, ಯಾರೂ ಹಿಡಿದಿಡಲಿಲ್ಲ. ಮಂಗಳೂರಿನ ತಮ್ಮ ನನ್ನನ್ನು "ಸಿಡ್ನಿಯವ" ಎನ್ನುತ್ತಾನೆ, ಸಿಡ್ನಿಯ ಬಂಧುಗಳು "ಮೆಲ್ಬರ್ನ್‌ನವ" ಎನ್ನುತ್ತಾರೆ, ಬೆಟ್ಟದವರಿಗೆ ನಾನು ಕೆಳಗಿನವ.

ನಿನ್ನೆ ರೀನಾಗೆ ಫೋನ್ ಮಾಡಿ, ಎರಡು ದಿನ ರಜೆ ಸಿಕ್ಕಿದೆ, ಬರುತ್ತೇನೆ ಎಂದೆ. ಕನ್ನಡ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷ್.

"ಕಮಿಂಗ್ ಹೋಮ್, ಡ್ಯಾಡ್? ಆರ್ ಜಸ್ಟ್ ವಿಸಿಟಿಂಗ್?"

ಅವಳ ಹಿಂದಿನಿಂದ ಲವೀನಾಳ ದನಿ ಕೇಳಿತು: "ಗೆಸ್ಟಿಗೆ ಸೋಫಾ ಉಂಟು ಅಂತ ಹೇಳು ಅವರಿಗೆ."