ಶನಿವಾರದ ಬಾಳೆಹಣ್ಣು

ಕೋತಿಗಳ ಹಿಂದೆ ಅಲೆಯೋದೇ ನನ್ನ ಕಸುಬು. ಅದಕ್ಕಿಂತ ಕಷ್ಟದ್ದು, ಅವುಗಳ ಹಿಂದೆ ಅಲೆಯೋ ವಿದ್ಯಾರ್ಥಿಗಳನ್ನ ಸಂಭಾಳಿಸೋದು. ಕೋತಿಗೆ ಸಿಟ್ಟು ಬಂದರೆ ಮುಖದಲ್ಲೇ ಗೊತ್ತಾಗುತ್ತೆ. ಇವರು ಮಾತ್ರ ಕೊನೇವರೆಗೂ ಎಲ್ಲ ಸರಿಯಿದೆ ಮೇಡಂ ಅಂತಲೇ ಇರ್ತಾರೆ.

ಇಟ್ಟಮಡುವಿನ ಒಂದು ಕೋತಿ ಗುಂಪಿನ ಮೇಲೆ ಪಿಎಚ್‌ಡಿ ಮಾಡ್ತಿದ್ದ ಹುಡುಗಿ ಒಂದು ಬೆಳಿಗ್ಗೆ ಫೋನ್ ಮಾಡಿ ಅತ್ತಳು. ವಾರದಿಂದ ಒಂದು ಕೋತಿಯೂ ಕಾಣ್ತಿಲ್ಲವಂತೆ. ಅವು ಸೇರ್ತಿದ್ದದ್ದು ಒಬ್ಬ ಮನೆ ಮಾಲೀಕರ ತಾರಸಿಯಲ್ಲಿ. ಹಿಂದೆ ಅಲ್ಲಿ ಹೊಲವಿದ್ದಾಗ ರಾಗಿ ಬೆಳೀತಿದ್ದವರು, ಈಗ ಅದೇ ಜಾಗದಲ್ಲಿ ಮನೆಗಳನ್ನ ಕಟ್ಟಿ ಬಾಡಿಗೆಗೆ ಬಿಟ್ಟಿದ್ದರು. ಶನಿವಾರ ಆಂಜನೇಯ ಅಂತ ಕೈ ಮುಗಿದು ಬಾಳೆಹಣ್ಣು ಹಾಕೋರು. ಸೋಮವಾರ ಟ್ಯಾಂಕಿನ ಮುಚ್ಚಳ ಕಿತ್ತಿದ್ದಕ್ಕೆ, ಕೋತಿ ಹಿಡಿಯೋರನ್ನ ಕರೆಸ್ತೀನಿ ಅಂತ ಕೂಗಾಡೋರು. ಕರೆಸೇಬಿಟ್ರು ಅಂತ ಇವಳ ಅನುಮಾನ. ಹೋಗಿ ಕೇಳೋಕೆ ಧೈರ್ಯವಿಲ್ಲ. ಹಿಡಿದು ಎಲ್ಲೋ ಬಿಟ್ಟರೆ ಗುಂಪು ಚದುರಿಹೋಗುತ್ತೆ, ಇವಳ ಸಂಶೋಧನೆಯೂ ಅಲ್ಲಿಗೇ ಮುಗೀತು. ಪಿಎಚ್‌ಡಿ ಬಿಟ್ಟುಬಿಡ್ತೀನಿ ಅಂದಳು.

ನನಗೆ ಪಿತ್ತ ನೆತ್ತಿಗೇರಿತು. ಜಯನಗರದಿಂದ ಆಟೋ ಹತ್ತಿ, ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಹೋದೆ. ಅಲ್ಲೇ ಕಾಯ್ತಿದ್ದ ಹುಡುಗಿ ನನ್ನ ಬೆನ್ನ ಹಿಂದೆ ನಿಂತಳು. ಮಾಲೀಕರು ಗೇಟಿನಲ್ಲೇ ಸಿಕ್ಕರು. ಕೋತಿಗಳನ್ನ ಏನು ಮಾಡಿದ್ರಿ ಅಂತ ಕೇಳಿದರೆ, ಅವರ ಮುಖವೇ ಬಾಡಿಹೋಯಿತು.

"ನಿಮ್ಮ ಹುಡುಗೀನೇ ಹೇಳಿದ್ದಲ್ವಾ ಮೇಡಂ, ಬಾಳೆಹಣ್ಣು ಹಾಕ್ಬೇಡಿ ಅಂತ? ಹಾಕೋದು ಬಿಟ್ಟೆ. ಅವೂ ಬರೋದು ಬಿಟ್ಟವು. ಮನಸ್ಸಿಗೆ ಒಂಥರಾ ಆಗ್ತಿದೆ."

ತಿನ್ನಿಸಬೇಡಿ ಅಂತ ಮನೆಮನೆಗೂ ಹೇಳಿ ಬನ್ನಿ ಅಂತ ನನ್ನ ಹುಡುಗರಿಗೆ ಹೇಳಿಕೊಡೋದು ನಾನೇ. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಈ ಪುಣ್ಯಾತ್ಮ ಕೇಳಿಬಿಟ್ಟಿದ್ದರು! ಜೋಡಿಸಿಕೊಂಡಿದ್ದ ಬೈಗುಳವನ್ನೆಲ್ಲ ನುಂಗಿಕೊಂಡೆ.

ಇಲ್ಲಿ ತಿನ್ನೋಕೆ ಸಿಗದಿದ್ದರೆ ಅವು ಹಣ್ಣು ಬಿಟ್ಟಿರೋ ಮರ ಹುಡುಕಿಕೊಂಡು ಹೋಗಿರಬೇಕು. ನಾನೂ ಹುಡುಗಿಯೂ ಹುಡುಕ್ತಾ ನಡೆದೆವು. ಕತ್ರಿಗುಪ್ಪೆ ಕಡೆ ಒಂದು ಪಾರ್ಕಿನಲ್ಲಿ ಅತ್ತಿಮರ, ಕಾಂಡದ ತುಂಬ ಕೆಂಪು ಹಣ್ಣು. ಇವಳ ಗುಂಪಿನದೇ ಆದ, ಕಿವಿ ಹರಿದ ಮುದಿ ಹೆಣ್ಣು ಕೋತಿ ಮೊದಲು ಕಂಡಿತು. ಆಮೇಲೆ ಮರಿಗಳು, ಆಮೇಲೆ ಇಡೀ ಸಂಸಾರ.

ಅಬ್ಬಾ, ಹೋದ ಜೀವ ಬಂದಂತಾಯಿತು. ಕಲ್ಲುಬೆಂಚಿನ ಮೇಲೆ ಕೂತುಬಿಟ್ಟೆ. ಪಿಎಚ್‌ಡಿ ಬಿಡೋ ವಿಷಯ ಏನಾಯ್ತಮ್ಮಾ ಅಂತ ರೇಗಿಸೋಕೆ ಬಾಯಿ ತೆರೆದೆ. ಅವಳು ಆಗಲೇ ಬೈನಾಕ್ಯುಲರ್ ಹಿಡಿದು ಮರ ನೋಡ್ತಾ ನಿಂತಿದ್ದಳು.

"ಮೇಡಂ, ಸ್ವಲ್ಪ ಸುಮ್ನಿರಿ," ಅಂದಳು. "ತಿಂತಿವೆ."